ಕಿಟಕಿಯಿಂದ ಎಸೆಯೋದಕ್ಕೆ ಕನ್ನಡದಲ್ಲಿ ಏನಂತಾರೆ?

ಭಾನುವಾರ ಬೆಳಗ್ಗೆ ನಮ್ಮ ಮನೆ ಗ್ರೂಪಲ್ಲಿ ನಡೆದಿದ್ದು, ಗುಡ್ ಮಾರ್ನಿಂಗ್ ಹೂವುಗಳನ್ನ ತೆಗೆದು ಉಳಿದಿದ್ದು ಹಾಗೇ ಹಾಕಿದೀನಿ.

ದೊಡ್ಡಪ್ಪ: (ಫಾರ್ವರ್ಡ್) ಇಂದಿನ ಇಂಗ್ಲಿಷ್ ಪದ: ಡಿಫೆನೆಸ್ಟ್ರೇಟ್. ಅರ್ಥ: ಕಿಟಕಿಯಿಂದ ಹೊರಗೆ ಎಸೆಯುವುದು.

ದೊಡ್ಡಪ್ಪ: ನೋಡ್ರಪ್ಪಾ, ಇಂಥಾದ್ದಕ್ಕೂ ಒಂದು ಕ್ರಿಯಾಪದ ಇಟ್ಕೊಂಡಿದಾರೆ. ನಮ್ಮಲ್ಲಿ ಇದ್ಯಾ?

ಚಿಕ್ಕಪ್ಪ: ಅಣ್ಣ ನಮ್ಮ ಕಿಟಕಿಗೆ ಸರಳು ಇರುತ್ತೆ, ಮನುಷ್ಯ ಹಾಗಿರ್ಲಿ ಬೆಕ್ಕೂ ತೂರ್ಬೇಕಾದ್ರೆ ಎರಡು ಸಲ ಯೋಚ್ನೆ ಮಾಡುತ್ತೆ, ಆಗದೇ ಇರೋ ಕೆಲಸಕ್ಕೆ ಪದ ಯಾಕೆ. ನಮ್ದೇನಿದ್ರೂ ಬಾಗ್ಲಿಂದಾನೇ, ಕತ್ತು ಹಿಡಿದು. ಅದಕ್ಕೆ ಅರ್ಧಚಂದ್ರ ಪ್ರಯೋಗ ಅಂತ ಒಳ್ಳೇ ಹೆಸರೇ ಇದೆ

ನಾನು: ಅರ್ಧಚಂದ್ರ ಯಾಕೆ ಚಿಕ್ಕಪ್ಪ

ಚಿಕ್ಕಪ್ಪ: ಹೆಬ್ಬೆರಳು ಒಂದ್ಕಡೆ ಉಳಿದ ನಾಲ್ಕು ಒಂದ್ಕಡೆ ಮಾಡಿ ಯಾರ್ದಾದ್ರೂ ಕತ್ತಿಗೆ ಹಿಂದಿಂದ ಇಡು, ಕೈ ಯಾವ ಆಕಾರ ಬರುತ್ತೆ ನೋಡು. ತಮ್ಮನ ಮೇಲೆ ಟ್ರೈ ಮಾಡ್ಬೇಡ ಮತ್ತೆ

ಅಕ್ಕ (ಮ್ಯೂನಿಕ್): ಜರ್ಮನ್‌ನಲ್ಲಿ ಕಿಟಕಿಗೆ ಫೆನ್ಸ್ಟರ್, ಲ್ಯಾಟಿನ್‌ನಲ್ಲಿ ಫೆನೆಸ್ಟ್ರಾ, ಪದ ಬಂದಿದ್ದು ಅಲ್ಲಿಂದ. ಪ್ರಾಗ್ ಕೋಟೆಲಿ ಹಿಂದೆ ಜನರನ್ನೇ ಆಚೆ ಎಸೆದ ಕಿಟಕಿ ಈಗ್ಲೂ ತೋರಿಸ್ತಾರೆ ನಾವು ನೋಡ್ಕೊಂಡ್ ಬಂದ್ವಿ. 1618 ಮೇ 23ಕ್ಕೆ ಪ್ರಾಟೆಸ್ಟಂಟ್ ಮುಖಂಡರೆಲ್ಲ ನುಗ್ಗಿ ಸ್ಲವಾಟಾ, ಮಾರ್ಟಿನಿಟ್ಸ್ ಅಂತ ಇಬ್ಬರು ಕ್ಯಾಥಲಿಕ್ ಅಧಿಕಾರಿಗಳನ್ನ ಎತ್ತಿ ಆಚೆ ಬಿಸಾಕಿದ್ರು, ಜೊತೆಗಿದ್ದ ತಪ್ಪಿಗೆ ಕಾರ್ಯದರ್ಶಿ ಫ್ಯಾಬ್ರಿಸಿಯಸ್‌ನೂ. ಸುಮಾರು 70 ಅಡಿ. ಮೂರೂ ಜನ ಬದುಕಿದ್ರು!! ಆದ್ರೆ ಅಲ್ಲಿಂದ ಹೊತ್ತಿಕೊಂಡ ಯುದ್ಧ ನಿಂತಿದ್ದು 1648ಕ್ಕೆ

ಅತ್ತೆ: 70 ಅಡಿಯಿಂದ ಬಿದ್ದು ಬದುಕೋದಾ? ನಾನು ಮೂರು ಮೆಟ್ಲು ಜಾರಿದ್ದಕ್ಕೆ ಆರು ವಾರ ಪಟ್ಟಿ

ಅಕ್ಕ: ಮೇರಿಮಾತೆ ಕೈಯಲ್ಲಿ ಹಿಡ್ಕೊಂಡ್ಲು ಅಂತ ಕ್ಯಾಥಲಿಕರು, ತಿಪ್ಪೆ ಮೇಲೆ ಬಿದ್ರು ಅಷ್ಟೇ ಅಂತ ಪ್ರಾಟೆಸ್ಟಂಟರು

ಚಿಕ್ಕಪ್ಪ: ಸರಿಯಾದ ಜಾಗಕ್ಕೆ ತಿಪ್ಪೆ ತಂದು ಹಾಕಿದ್ದು ಯಾರು ಅಂತ ಕೇಳಿದ್ರೆ ಇಬ್ರೂ ಗೆದ್ರು ಬಿಡು

ದೊಡ್ಡಪ್ಪ: ತಮಾಷೆ ಸಾಕು. ಈಗ ಆ ಪದಕ್ಕೆ ಅಧಿಕಾರದಿಂದ ಕಿತ್ತು ಹಾಕೋದು ಅನ್ನೋ ಅರ್ಥಾನೂ ಇದೆ. ಸಂಘದ ಕಾರ್ಯದರ್ಶಿನ ಡಿಫೆನೆಸ್ಟ್ರೇಟ್ ಮಾಡಿದ್ರು ಅನ್ಬಹುದು.

ಚಿಕ್ಕಪ್ಪ: "ಮಾಡಿದ್ರು" ಅಂದ್ಯಲ್ಲ ಅಣ್ಣ, ಅಲ್ಲಿಗೆ ಕ್ರಿಯಾಪದ ನಮ್ದೇ ಆಯ್ತು, ನಿಂದು ಬರೀ ಹೆಸರು. ಮತ್ತೆ ಅದಕ್ಕೆ ನಮ್ಮ ಪೇಪರ್‌ನೋರು ದಿನಾ ಎತ್ತಂಗಡಿ ಅಂತ ಬರೀತಾರೆ

ದೊಡ್ಡಪ್ಪ: ತಪ್ಪು. ಎತ್ತಂಗಡಿ ಅಂದ್ರೆ ವರ್ಗಾವಣೆ ಕಣೋ. ಇಲ್ಲಿಂದ ಎತ್ತಿ ಅಲ್ಲಿ ಕೂರಿಸೋದು, ಕುರ್ಚಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ. ಇದ್ರಲ್ಲಿ ಕುರ್ಚಿನೇ ಇಲ್ಲ.

ಅಕ್ಕ: ಅಯ್ಯೋ ದೊಡ್ಡಪ್ಪ, ಆ ಸ್ಲವಾಟಾ ಆಮೇಲೆ ಬೊಹೇಮಿಯಾದ, ಅಂದ್ರೆ ಪ್ರಾಗ್ ಇರೋ ರಾಜ್ಯದ, ಚಾನ್ಸಲರ್ ಆದ. ಫ್ಯಾಬ್ರಿಸಿಯಸ್‌ಗೆ ಚಕ್ರವರ್ತಿ ಬಿರುದೇ ಕೊಟ್ಟ, ಫಾನ್ ಹೊಹೆನ್‌ಫಾಲ್ ಅಂತ, ಎತ್ತರದಿಂದ ಬಿದ್ದೋನು ಅಂತ ಇಟ್ಕೊಳ್ಳಿ

ಚಿಕ್ಕಪ್ಪ: ಹಂಗಾದ್ರೆ ಎತ್ತಂಗಡಿನೇ, ಬಡ್ತಿ ಸಮೇತ 😂

ನಾನು: ವಿಂಡೋ ಅನ್ನೋದೂ ಹಳೇ ನಾರ್ಸ್ ಭಾಷೆಯ "ಗಾಳಿಕಣ್ಣು" ಅಂತೆ, ನಮ್ಮ ಗವಾಕ್ಷಿ ಹಸುವಿನ ಕಣ್ಣು. ಎಲ್ರಿಗೂ ಕಿಟಕಿ ಅಂದ್ರೆ ಕಣ್ಣೇ. ನಾವೂ ಒಂದು ಪದ ಮಾಡಣ, ಕಿಟಕಿಸು?

ಚಿಕ್ಕಪ್ಪ: ಯಾರೋ ಹಲ್ಲು ಕಡಿದಂಗಿದೆ, ಬೇಡ

ದೊಡ್ಡಪ್ಪ: ಲೋ, ಸರಳಿದ್ರೆ ಎಸೆಯೋಕಾಗಲ್ಲ ಅಂದ್ಯಲ್ಲ, ಅಪ್ಪಯ್ಯ ನಿನ್ನ ಇಸ್ಪೀಟ್ ಕಟ್ಟು ಏನ್ ಮಾಡಿದ್ರು, ಮರ್ತ್ಯಾ?

ಚಿಕ್ಕಪ್ಪ: ಅದನ್ನ ಯಾಕೆ ತೆಗೀತೀಯ ಈಗ

ದೊಡ್ಡಪ್ಪ: ಮಕ್ಳಿಗೆ ಗೊತ್ತಾಗ್ಲಿ. ಕಟ್ಟು ಸರಳಲ್ಲಿ ತೂರ್ಲಿಲ್ಲ. ಅಪ್ಪಯ್ಯ ಕಿಟಕಿ ಹತ್ರ ಸ್ಟೂಲ್ ಎಳ್ಕೊಂಡು ಕೂತು, ಕನ್ನಡಕ ಹಾಕ್ಕೊಂಡು, ಒಂದೊಂದೇ ಎಲೆ ಸರಳಿನ ಸಂದಿಂದ ಹಿತ್ಲಿಗೆ ಬಿಟ್ರು. ಜೋರು ಮಳೆ. ಇವನು ಪಕ್ಕದಲ್ಲಿ ನಿಂತು ಲೆಕ್ಕ ಹಾಕ್ತಿದ್ದ. ಇದು ಡಿಫೆನೆಸ್ಟ್ರೇಷನ್ ಅಲ್ದೆ ಇನ್ನೇನು?

ಚಿಕ್ಕಪ್ಪ: ಸರಿ ಒಪ್ಪಿದೆ. ಕೆಸರಲ್ಲಿ ಹುಡುಕಿ 51 ಎಲೆ ತಂದೆ, ತೊಳೆದು ಒಲೆ ಹತ್ರ ಒಣಗ್ಸಿದೆ. ಆಟೀನ್ ರಾಣಿ ಮಾತ್ರ ಗೌರಿ ತಿಂದುಬಿಟ್ಟಿತ್ತು, ಹಾಳ್ ಹಸು

ಅತ್ತೆ: ಗೌರಿ ತಿಂದಿಲ್ಲ ಅಣ್ಣ

ಚಿಕ್ಕಪ್ಪ: ಅಂದ್ರೆ???

ಅತ್ತೆ: ಬಣ್ಣ ಚೆನ್ನಾಗಿತ್ತು ಅಂತ ನಾನೇ ಎತ್ತಿಟ್ಕೊಂಡೆ. ಆಮೇಲೆ ನೀನು ಆ ಪಾಟಿ ಹುಡುಕ್ತಿರೋದು ನೋಡಿ ಕೊಡೋಕೆ ಭಯ ಆಯ್ತು. ನನ್ನ ಟ್ರಂಕಲ್ಲಿ ಇದೆ ಇನ್ನೂ

ಚಿಕ್ಕಪ್ಪ: ಪಾಪದ ಹಸೂನ ಇಷ್ಟು ವರ್ಷ ಬೈದ್ನಲ್ಲೇ

ಚಿಕ್ಕಪ್ಪ: ಫೋಟೋ ಹಾಕು ಮೊದ್ಲು