ಟಿಕೆಟ್ ಇಲ್ಲ ಅಂತ ಹುಡುಗನನ್ನು ಬಸ್ಸಿನಿಂದ ದೂಡಿದರು, ಕಂಡಕ್ಟರ್‌ಗೆ ಈ ಅಧಿಕಾರ ಉಂಟಾ?

ತೊಕ್ಕೊಟ್ಟು ಅಕ್ಕ
ಮೊನ್ನೆ ಸಂಜೆ ಏಳು ಗಂಟೆ ಹೊತ್ತಿಗೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟಿಗೆ ಬರುತ್ತಿದ್ದೆ. ಖಾಸಗಿ ಸಿಟಿ ಬಸ್, ಹೆಸರು ಇಲ್ಲಿ ಹಾಕುವುದಿಲ್ಲ. ಪಿಯುಸಿ ಹುಡುಗ ಒಬ್ಬ ಪಂಪ್‌ವೆಲ್‌ಗೆ ಟಿಕೆಟ್ ತೆಗೆದು ಅಲ್ಲಿ ಇಳಿಯದೆ ಹಾಗೆಯೇ ನಿಂತಿದ್ದ. ಜಪ್ಪಿನಮೊಗರು ಹತ್ತಿರ ಕಂಡಕ್ಟರ್‌ಗೆ ಗೊತ್ತಾಯಿತು. ಮೊದಲು "ಜಪ್ಪುಲೆ" ಅಂದರು, ತುಳುವಿನಲ್ಲಿ "ಇಳಿಯಿರಿ" ಅಂತ. ಹುಡುಗ "ಅಣ್ಣ, ತೊಕ್ಕೊಟ್ಟಿನಲ್ಲಿ ಕೊಡ್ತೇನೆ" ಅಂತ ಏನೋ ಹೇಳಲು ಹೋದ, ಅಷ್ಟರಲ್ಲಿ ಅದು "ಜಪ್ಪು" (ಇಳಿ) ಅಂತ ಏಕವಚನ ಆಯಿತು, ಕೈ ಕಾಲರಿಗೆ ಹೋಯಿತು, ಬಸ್ ಪೂರ್ತಿ ನಿಂತಿರಲೂ ಇಲ್ಲ, ದೂಡಿಯೇ ಬಿಟ್ಟರು. ಮೊಣಕಾಲೂರಿ ಬಿದ್ದ. ಅವನ ಅಂಗಿಯ ಬಿಳಿ ಗುಂಡಿ ಒಂದು ನನ್ನ ಚಪ್ಪಲಿ ಹತ್ತಿರ ಉರುಳಿಕೊಂಡು ಬಂತು. "ರೈಟ್ ಪೋಯಿ" (ರೈಟ್, ಹೋಗುವ) ಅಂದರು, ಬಸ್ ಹೊರಟಿತು. ಎದುರಿಗೆ ನೇತ್ರಾವತಿ ಸೇತುವೆ, ಹೈವೇ, ಕತ್ತಲೆ.

ಹುಡುಗ ಮಾಡಿದ್ದು ತಪ್ಪೇ. ಆದರೆ ಇಷ್ಟಾ? ಬಸ್ಸಲ್ಲಿ ಅಷ್ಟು ಜನ ಇದ್ದೆವು, ಒಬ್ಬರೂ ಮಾತಾಡಲಿಲ್ಲ. ನಾನೂ. ಅದೇ ಎರಡು ದಿನದಿಂದ ಕೊರೆಯುತ್ತಿದೆ.

ಸುರತ್ಕಲ್ ಪ್ರಯಾಣಿಕ
ಅಕ್ಕ, ಬೇಜಾರು ಮಾಡಬೇಡಿ, ನಾನು ದಿನಾ ದುಡ್ಡು ಕೊಟ್ಟೇ ಹೋಗುವವನು. ಹತ್ತಿರದ ಸ್ಟಾಪಿಗೆ ಟಿಕೆಟ್ ತೆಗೆದು ದೂರ ಹೋಗುವವರು ಜಾಸ್ತಿ ಆಗಿದ್ದಾರೆ. ಎಲ್ಲರೂ ಹೀಗೆ ಮಾಡಿದರೆ ಬಸ್ ಓಡಿಸುವುದು ಹೇಗೆ? ದೂಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಇಳಿಸಲೇಬೇಕಿತ್ತು.

ಹಳೇ ಕಂಡಕ್ಟರ್, ಉಡುಪಿ
ಎಂಟು ವರ್ಷ ಲೈನ್‌ನಲ್ಲಿದ್ದೆ, ಉಡುಪಿ-ಮಣಿಪಾಲ. ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದಾಗ ತಲೆಗೂ ಟಿಕೆಟಿಗೂ ತಾಳೆ ಆಗದಿದ್ದರೆ ಬೈಗುಳ ನಮಗೆ, ಕಡಿಮೆ ಬಿದ್ದ ದುಡ್ಡು ನಮ್ಮ ದಿನದ ಭತ್ಯೆಯಿಂದ. ಹಿಂದೆ ಇನ್ನೊಂದು ಬಸ್ ಹಾರ್ನ್ ಹಾಕುತ್ತಾ ಬರುತ್ತಿರುತ್ತದೆ, ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿನ ಜನ ಅವನಿಗೆ. ಆ ಬಿಸಿ ತಲೆಯಲ್ಲಿ ನಾನೂ ಒಮ್ಮೆ ಒಬ್ಬನ ರಟ್ಟೆ ಹಿಡಿದು ಎಳೆದಿದ್ದೇನೆ. ಅವನ ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು, ಆಮೇಲೆ ಕಂಡಿತು. ಇವತ್ತಿಗೂ ಮರೆತಿಲ್ಲ.

ಕೈ ಮಾಡುವ ಅಗತ್ಯವೇ ಇಲ್ಲ ಮಾರಾಯ್ರೆ. ಸ್ಟಾಪ್ ಬರುವ ಮೊದಲು "ಪಂಪ್‌ವೆಲ್ ಟಿಕೆಟ್‌ನವರು ಮುಂದೆ ಬನ್ನಿ" ಅಂತ ಗಟ್ಟಿಯಾಗಿ ಕೂಗಿದರೆ ಅರ್ಧ ಜನ ತಾವೇ ಇಳಿಯುತ್ತಾರೆ. ಉಳಿದವರಿಗೆ ಬಾಕಿ ದುಡ್ಡಿನ ಟಿಕೆಟ್ ಹರಿದು ಕೊಡಬೇಕು, ಇಲ್ಲದಿದ್ದರೆ ಮುಂದಿನ ಸ್ಟಾಪಿನಲ್ಲಿ ವಿಸಿಲ್ ಊದಿ, ಬಸ್ ನಿಲ್ಲಿಸಿ ಇಳಿಸಬೇಕು. ಸೇತುವೆ ಬುಡದಲ್ಲಿ ಅಲ್ಲ.

ವಕೀಲೆ, ಕುಂದಾಪುರ
ಕಾನೂನು ಏನು ಹೇಳುತ್ತದೆ ಅಂತ ಅಷ್ಟು ಮಾತ್ರ ಬರೆಯುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 124ನೇ ಸೆಕ್ಷನ್ ಪ್ರಕಾರ ಟಿಕೆಟ್ ಅಥವಾ ಪಾಸ್ ಇಲ್ಲದೆ ಪ್ರಯಾಣ ಮಾಡುವ ಹಾಗಿಲ್ಲ. 178ರಲ್ಲಿ ಅದಕ್ಕೆ 500 ರೂಪಾಯಿವರೆಗೆ ದಂಡ. ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದ ಕಂಡಕ್ಟರ್‌ಗೂ ಅದೇ ಸೆಕ್ಷನ್ನಿನಲ್ಲಿ 500ರವರೆಗೆ ದಂಡ ಉಂಟು, ಇದನ್ನು ಯಾರೂ ಹೇಳುವುದಿಲ್ಲ. ದಂಡ ಅಂದರೆ ದಂಡ, ಹೊಡೆತ ಅಲ್ಲ. ದೂಡಿ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 115(2) ಬರುತ್ತದೆ, ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇನ್ನೊಂದು. ಕಂಡಕ್ಟರ್‌ಗೂ ಲೈಸನ್ಸ್ ಬೇಕು. ನಡತೆ ಸರಿಯಿಲ್ಲದಿದ್ದರೆ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಅವರನ್ನು ಅನರ್ಹ ಮಾಡಬಹುದು. ಹಾಗಾಗಿ ಪೊಲೀಸರಿಗೆ ಕೊಡುವ ದೂರಿನ ಒಂದು ಪ್ರತಿ ಆರ್‌ಟಿಒಗೂ ಕೊಡಿ. ಬಸ್ ನಂಬರ್, ಸಮಯ, ನಿಮ್ಮ ಟಿಕೆಟ್, ಇಷ್ಟಿದ್ದರೆ ಸಾಕು. ರೈಲಿನಲ್ಲಿ ನೋಡಿ, ಟಿಕೆಟ್ ಇಲ್ಲದ ಒಂಟಿ ಹೆಂಗಸನ್ನೋ ಮಗುವನ್ನೋ ರಾತ್ರಿ ಹೊತ್ತು ಇಳಿಸುವ ಹಾಗಿಲ್ಲ ಅಂತ 1989ರ ರೈಲ್ವೆ ಕಾಯ್ದೆಯಲ್ಲೇ ಬರೆದಿದ್ದಾರೆ. ಬಸ್ಸಿಗೂ ಅಂಥದ್ದೊಂದು ಬೇಕು ಅಂತ ನನಗೆ ಬಹಳ ಸಲ ಅನಿಸಿದೆ.

ಸುರತ್ಕಲ್ ಪ್ರಯಾಣಿಕ
ಕತ್ತಲೆಯ ವಿಷಯ ನಾನು ಯೋಚಿಸಿರಲಿಲ್ಲ. ನನ್ನ ಮಗನೂ ಅದೇ ಹೊತ್ತಿಗೆ ಟ್ಯೂಷನ್ ಮುಗಿಸಿ ಬರುವುದು. ಅಕ್ಕ, ದೂರು ಕೊಡಿ.

ತೊಕ್ಕೊಟ್ಟು ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಪರ್ಸಿನಲ್ಲೇ ಉಂಟು, ಅದರಲ್ಲಿ ಸಮಯವೂ ಪ್ರಿಂಟ್ ಆಗಿದೆ. ಗುಂಡಿಯೂ ಅಲ್ಲೇ ಇಟ್ಟಿದ್ದೇನೆ. ಹುಡುಗ ಯಾವ ಕಾಲೇಜು ಅಂತ ಯೂನಿಫಾರ್ಮ್ ನೋಡಿ ಗೊತ್ತು. ಮೊದಲು ಅವನನ್ನು ಕೇಳಬೇಕು. ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಅಂತ ಅವನು ಬೇಡ ಅಂದರೆ, ನೋಡಿದವಳು ಅಂತ ನಾನೊಬ್ಬಳೇ ದೂರು ಕೊಡಬಹುದಾ ವಕೀಲಮ್ಮ?

ವಕೀಲೆ, ಕುಂದಾಪುರ
ಕೊಡಬಹುದು. ಕಣ್ಣಾರೆ ಕಂಡವರು ಯಾರು ಬೇಕಾದರೂ ಬರೆದು ಕೊಡಬಹುದು. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ.