ಎಲ್ಕ್ ಬೇಟೆಗೆ 500 ಗಜ: ಯಾವ ಬುಲೆಟ್ ತಗೊಳ್ಳಲಿ?

ಪ್ರಶ್ನೆ: ಸರ್, ನಾನು ಸಕಲೇಶಪುರ ಕಡೆಯವನು, ಈಗ ಡೆನ್ವರ್‌ನಲ್ಲಿದ್ದೇನೆ. ಹಂಟರ್ ಎಜುಕೇಶನ್ ಕಾರ್ಡ್ ಆಯ್ತು, ಅಕ್ಟೋಬರ್‌ಗೆ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ ಕೂಡ ಬಂದಿದೆ. ರೈಫಲ್ .308 ವಿಂಚೆಸ್ಟರ್. ರೇಂಜ್‌ನಲ್ಲಿ 500 ಗಜಕ್ಕೂ ಮ್ಯಾಚ್ ಬುಲೆಟ್ ಚೆನ್ನಾಗಿ ಬೀಳುತ್ತಿದೆ. ಬೇಟೆಗೂ ಅದೇ ಸಾಕಲ್ವಾ?

ಉತ್ತರ: ಬೇಡ, ದಯವಿಟ್ಟು ಬೇಡ. ಮ್ಯಾಚ್ ಬುಲೆಟ್ ಮಾಡಿರುವುದು ಕಾಗದದ ಗುರಿಗೆ. ಪ್ರಾಣಿಯ ಮೈಯೊಳಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳಲಾಗದು. ಒಮ್ಮೆ ತುದಿ ಅಗಲವಾಗಿ ಅರಳದೆ ಸೂಜಿಯ ಹಾಗೆ ತೂರಿ ಹೋಗುತ್ತದೆ, ಇನ್ನೊಮ್ಮೆ ಭುಜದ ಮೂಳೆಗೆ ಬಡಿದು ಪುಡಿಯಾಗುತ್ತದೆ. ಗಾಯಗೊಂಡ ಎಲ್ಕ್ ಕಣಿವೆ ದಾಟಿ ಹೋಗಿ ಎಲ್ಲೋ ನರಳುತ್ತದೆ. ಎಲ್ಕ್ ನಮ್ಮ ಕಡವೆಯ ಹಾಗೆ ಜಿಂಕೆ ಕುಟುಂಬದ್ದೇ, ಮೈಕಟ್ಟು ಅಷ್ಟೇ ಗಟ್ಟಿ.

ನೀವು ನೋಡಬೇಕಾದ್ದು ಬುಲೆಟ್ ತಗಲುವಾಗ ಎಷ್ಟು ವೇಗ ಉಳಿದಿರುತ್ತದೆ ಅನ್ನೋದನ್ನ. ನಿಮ್ಮ .308ರಲ್ಲಿ 165 ಗ್ರೇನ್ ತೂಕದ (ಸುಮಾರು 10.7 ಗ್ರಾಂ) ಬುಲೆಟ್ ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿರುತ್ತದೆ. 400 ಗಜಕ್ಕೆ ಅದು 2000ದ ಆಸುಪಾಸು, 500ಕ್ಕೆ 1800. ಬಹಳಷ್ಟು ಬೇಟೆಯ ಬುಲೆಟ್‌ಗಳು ಸರಿಯಾಗಿ ಅರಳಲು 1800 ಬೇಕು. ಅಂದರೆ 500 ಗಜದಲ್ಲಿ ನೀವು ಅಂಚಿನಲ್ಲೇ ನಿಂತಿದ್ದೀರಿ.

ನಾನಾದರೆ 165 ಗ್ರೇನ್ ನಾಸ್ಲರ್ ಆ್ಯಕ್ಯೂಬಾಂಡ್ ಕೊಡುತ್ತೇನೆ. ಅದರ ಸೀಸ ತಾಮ್ರದ ಕವಚಕ್ಕೆ ಬೆಸೆದಿರುತ್ತದೆ. ಹೋದ ಸೀಸನ್‌ನಲ್ಲಿ ಒಂದನ್ನು ಎಲ್ಕ್‌ನ ಆಚೆ ಬದಿಯ ಚರ್ಮದಡಿಯಿಂದ ಹೆಕ್ಕಿದೆ. ಮುಂದೆ ಅಣಬೆಯ ಕೊಡೆಯಂತೆ ಅರಳಿತ್ತು, ಹಿಂದೆ ಗಟ್ಟಿ ಬುಡ ಹಾಗೇ ಇತ್ತು. ಪ್ರಾಣಿ 20 ಹೆಜ್ಜೆ ಕೂಡ ಹೋಗಲಿಲ್ಲ. ನಾಸ್ಲರ್ ಕಂಪನಿಯ ಹುಟ್ಟಿಗೂ ಬುಲೆಟ್ ಕೈಕೊಟ್ಟಿದ್ದೇ ಕಾರಣ. 1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಅವರ ಗುಂಡುಗಳು ಮೂಸ್‌ನ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಒಳಗೆ ಆಳಕ್ಕೆ ಇಳಿಯಲಿಲ್ಲ. ಅದಕ್ಕೇ ಅವರು ನಡುವೆ ಗೋಡೆ ಇಟ್ಟ ಪಾರ್ಟಿಶನ್ ಬುಲೆಟ್ ಮಾಡಿದರು.

ಪ್ರಶ್ನೆ: ಮನೆಯಲ್ಲಿ ಮಕ್ಕಳೂ ಆ ಮಾಂಸ ತಿನ್ನುತ್ತಾರೆ. ಸೀಸ ಬೇಡ ಅಂದರೆ?

ಉತ್ತರ: ಒಳ್ಳೇ ಪ್ರಶ್ನೆ. ಸೀಸದ ಚೂರು ಗಾಯದಿಂದ ದೂರಕ್ಕೂ ಹರಡುತ್ತದೆ, ಕಣ್ಣಿಗೆ ಕಾಣಲ್ಲ. ಬಿಟ್ಟು ಬಂದ ಕರುಳನ್ನು ಹದ್ದುಗಳೂ ತಿನ್ನುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ. ಪೂರ್ತಿ ತಾಮ್ರದ ಬಾರ್ನ್ಸ್ ಟಿಟಿಎಸ್‌ಎಕ್ಸ್ ತಗೊಳ್ಳಿ. ಆದರೆ ತಾಮ್ರ ಗಟ್ಟಿ, ಅರಳಲು ವೇಗ ಜಾಸ್ತಿ ಬೇಕು. 2000ದ ಕೆಳಗೆ ನಾನು ಅದನ್ನು ನಂಬಲ್ಲ.

ಪ್ರಶ್ನೆ: ಹಾಗಾದರೆ 500 ಗಜ ಮರೆತುಬಿಡಲಾ?

ಉತ್ತರ: ಮೊದಲ ವರ್ಷ 300 ಸಾಕು. ಗಂಟೆಗೆ 10 ಮೈಲಿಯ ಅಡ್ಡಗಾಳಿ ನಿಮ್ಮ ಬುಲೆಟ್ಟನ್ನು 300 ಗಜದಲ್ಲಿ ಸುಮಾರು 7 ಇಂಚು ತಳ್ಳುತ್ತದೆ, 500ರಲ್ಲಿ 20 ಇಂಚು. ಎದೆಗೆ ಗುರಿಯಿಟ್ಟದ್ದು ಹೊಟ್ಟೆಗೆ ಬೀಳುತ್ತದೆ. ಹೊಸ ಬುಲೆಟ್ ಸಿಕ್ಕ ಕೂಡಲೇ ಸ್ಕೋಪ್ ಮತ್ತೆ ಜೀರೋ ಮಾಡಿ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿ. ಆಮೇಲೆ ಬೆಂಚ್ ಬಿಟ್ಟು, ಮೊಣಕಾಲೂರಿ, ಬ್ಯಾಗಿನ ಮೇಲೆ ರೈಫಲ್ ಇಟ್ಟು ಅಭ್ಯಾಸ ಮಾಡಿ. ಗುಂಡು ಬಿದ್ದ ತೂತುಗಳ ಗುಂಪು ಎಷ್ಟು ಅಗಲ ಬಂತು ಅಂತ ಇಲ್ಲೇ ಹಾಕಿ, ನೋಡೋಣ.