ಬೀಗ ಬೇರೆ, ಬೆಲ್ಟು ಬೇರೆ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಬೆಂಗಳೂರಿನ ಪೀಣ್ಯದ ಬಳಿ ವಠಾರದಲ್ಲಿದ್ದೇವೆ. ಪಕ್ಕದ ಮನೆಯಾಕೆ ಗಾರ್ಮೆಂಟ್ಸ್‌ಗೆ ಹೋಗುವಾಗ ನಾಲ್ಕು ವರ್ಷದ ಮಗಳನ್ನು ಒಳಗೆ ಬಿಟ್ಟು ಬೀಗ ಹಾಕುತ್ತಾಳೆ. ಕಾಯಲು ಎಂಟು ವರ್ಷದ ಮಗ. ಅವನಿಗೆ ಶಾಲೆ ಇದ್ದರುಂಟು, ಇಲ್ಲದಿದ್ದರಿಲ್ಲ. ಗಂಡ ಕುಡಿದು ಬಂದ ರಾತ್ರಿ ಹುಡುಗನಿಗೆ ಬೆಲ್ಟಿನೇಟು. ದೂರು ಕೊಟ್ಟರೆ ಮಕ್ಕಳನ್ನೇ ಎತ್ತಿಕೊಂಡು ಹೋಗುತ್ತಾರೆ ಅಂತ ನಮ್ಮ ಯಜಮಾನರು ಹೆದರಿಸುತ್ತಾರೆ. ಏನು ಮಾಡಲಿ?

*

ತಂಗಿ, ನಿನ್ನ ಪತ್ರದಲ್ಲಿ ಎರಡು ಸಂಕಟ ಸಿಕ್ಕುಬಿದ್ದಿವೆ, ಬಿಡಿಸಿ ನೋಡು. ಬೀಗ ಬೇರೆ, ಬೆಲ್ಟು ಬೇರೆ. ಬೀಗ ಹಾಕುವ ತಾಯಿಗೆ ಕರುಳಿಲ್ಲ ಅಂತಲ್ಲ, ಮಕ್ಕಳನ್ನು ಬಿಟ್ಟುಹೋಗಲು ಜಾಗವಿಲ್ಲ. ಹಾಗಂತ ಸುಮ್ಮನಿರುವ ಮಾತೂ ಅಲ್ಲ. ಒಳಗೆ ಗ್ಯಾಸ್ ಇದೆ. ಬೆಂಕಿ ಹತ್ತಿಕೊಂಡರೆ ಆ ಹುಡುಗ ತಂಗಿಯನ್ನು ಎಲ್ಲಿಗೆ ಕರೆದೊಯ್ಯಬೇಕು? ಮೂರು ತುಂಬಿದ ಮಗು ಅಂಗನವಾಡಿಗೆ ಹೋಗಬಹುದು, ಊಟವೂ ಅಲ್ಲೇ. ಅಣ್ಣನಿಗೆ ಶಾಲೆ ತಪ್ಪುವುದಿಲ್ಲ. ತೊಡಕಿರುವುದು ಸಂಜೆಯದ್ದು. ಅಂಗನವಾಡಿ ನಾಲ್ಕಕ್ಕೆ ಮುಗಿದರೆ ಆಕೆ ಮನೆ ಸೇರುವಾಗ ಆರು ದಾಟಿರುತ್ತದೆ. ಆ ಹೊತ್ತನ್ನು ವಠಾರದ ಎರಡು ಮೂರು ಮನೆಯವರು ಸರದಿಯಲ್ಲಿ ನೋಡಿಕೊಳ್ಳಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನೂ ಇದೆ. ಆಕೆಯ ಫ್ಯಾಕ್ಟರಿಯಲ್ಲಿ ಏನು ಕತೆ ಅಂತ ಕೇಳು. ಕೇಂದ್ರವಿದ್ದರೂ ಬಸ್ಸಿನ ನೂಕಾಟದಲ್ಲಿ ಮಗುವನ್ನು ಹೊತ್ತು ಹೋಗಲಾರದೆ ಮನೆಯಲ್ಲೇ ಬಿಟ್ಟವರೂ ಇದ್ದಾರೆ.
– ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ತುಮಕೂರು

*

ಪೊಲೀಸು, ಕೋರ್ಟು ಅಂದರೆ ಸಂಸಾರ ಒಡೆದಂತೆಯೇ. ಗಂಡನ ಕಡೆಯ ಹಿರಿಯರನ್ನು ಕರೆಸಿ, ಅವನು ಕುಡಿಯದ ಹೊತ್ತು ನೋಡಿ ಬುದ್ಧಿ ಹೇಳಿಸಿ.
– ಕಿರಾಣಿ ವ್ಯಾಪಾರಿ, ದಾವಣಗೆರೆ

*

ಹಿರಿಯರನ್ನು ಕೂರಿಸಿ ಮಾತಾಡಿ ಅಂತ ನಿಮಗೆ ಹಲವರು ಹೇಳಬಹುದು. ದಯವಿಟ್ಟು ಬೇಡ. ಪಂಚಾಯ್ತಿ ಮುಗಿದ ರಾತ್ರಿಯೇ "ಹೊರಗೆ ಹೇಳಿದ್ದು ನೀನೇ ತಾನೆ" ಅಂತ ಮತ್ತೆರಡು ಏಟು ಬಿದ್ದು, ಬೆಳಿಗ್ಗೆ ನಮ್ಮ ಒಪಿಡಿಗೆ ಬಂದ ಮಕ್ಕಳಿದ್ದಾರೆ. ಆಡುವ ಮಕ್ಕಳಿಗೆ ಗಾಯವಾಗುವುದು ಮೊಣಕಾಲು, ಮೊಣಕೈ, ಹಣೆಯ ಮೇಲೆ. ಬೆನ್ನು, ಕಿವಿ, ಪೃಷ್ಠ, ತೊಡೆಯ ಹಿಂಭಾಗ ಕಂದಿದ್ದರೆ ನಾವು "ಬಿದ್ದ" ಎನ್ನುವ ಮಾತನ್ನು ಹಾಗೇ ನಂಬುವುದಿಲ್ಲ. ಮಡಚಿದ ವೈರಿನಲ್ಲಿ ಹೊಡೆದರೆ ಚರ್ಮದ ಮೇಲೆ ಕುಣಿಕೆಯಂಥ ಬರೆ ಮೂಡುತ್ತದೆ. ಗಾಯ ಮಾಯುತ್ತದೆ, ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಬಾಲ್ಯದಲ್ಲಿ ಹೊಡೆತ, ನಿರ್ಲಕ್ಷ್ಯ, ಮನೆಯಲ್ಲಿ ಕುಡಿತ ಇಂಥವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ, ಖಿನ್ನತೆ, ಕುಡಿತದ ಚಟ ಹೆಚ್ಚು ಕಂಡದ್ದನ್ನು ಅಮೆರಿಕದ ಅಧ್ಯಯನವೊಂದು 1998ರಲ್ಲೇ ತೋರಿಸಿತು. ಪೋಲಿಯೊ ಹನಿಗೆ ಮನೆಮನೆ ಬಾಗಿಲು ತಟ್ಟಿದವರು ನಾವು; ಈ ಬಾಗಿಲ ಮುಂದೆ ಮಾತ್ರ "ಅವರ ಮನೆ ವಿಷಯ" ಅಂತ ನಿಂತುಬಿಡುತ್ತೇವೆ. ಕುಡಿತ ಬಿಡಿಸಲು ದಾರಿ ಕೇಳುವುದಾದರೆ ಆ ತಾಯಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡುತ್ತಾರೆ.
– ಮಕ್ಕಳ ವೈದ್ಯೆ, ಶಿವಮೊಗ್ಗ

*

ನಾನೂ ಅಂಥಾ ಮನ್ಯಾಗ ಬೆಳದಾಂವ. ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಎದುರ ಮನಿ ಅಜ್ಜಿ ಒಬ್ಬಾಕಿ ಮಾತ್ರ ಅಪ್ಪ ಬರೂ ಹೊತ್ತಿಗೆ "ಬಾರೋ, ಶೇಂಗಾ ಸುಲಿಯೂಣು" ಅಂತ ಕರೀತಿದ್ಲು. ಶೇಂಗಾ ಇರದಿದ್ರೂ ಕರೀತಿದ್ಲು. ಅಕ್ಕಾರ, ಫೋನ್ ಅಂತೂ ಮಾಡ್ರಿ. ಆ ಹುಡುಗಗ ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಮಾಡಸ್ರಿ, ಅಂವಾನೂ ಮಾಡಬಹುದು.
– ಓದುಗ, ಹುಬ್ಬಳ್ಳಿ

*

ಯಜಮಾನರ ಹೆದರಿಕೆಗೆ ಉತ್ತರ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕಾಸು ಖರ್ಚಿಲ್ಲ. ಅಲ್ಲಿಗೆ ಫೋನ್ ಮಾಡುವುದೆಂದರೆ ಎಫ್‌ಐಆರ್ ಹಾಕಿಸಿದಂತಲ್ಲ. ನಿಮ್ಮ ಹೆಸರು ಗುಟ್ಟಾಗಿಡಲು ಕೇಳಿಕೊಳ್ಳಿ. ಸಾಕ್ಷಿ ಕೂಡಿಸುವುದು ನಿಮ್ಮ ಕೆಲಸವಲ್ಲ. ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದರೂ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದೇ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. "ನಮ್ಮ ಮಕ್ಕಳು, ನಮ್ಮಿಷ್ಟ" ಅನ್ನುವ ಅಪ್ಪನಿಗೆ ಅದೇ ಕಾಯ್ದೆಯ 75ನೇ ಕಲಂ ಇದೆ: ಮೂರು ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಸುಳಿವೇನಾದರೂ ಸಿಕ್ಕರೆ ಮಾತು ಬೇರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಫೋನ್ ಮಾಡುವಾಗ ಮನೆಯ ಗುರುತು, ಮಕ್ಕಳ ವಯಸ್ಸು, ಬೀಗ ಬೀಳುವ ಹೊತ್ತು, ಹೊಡೆತ ಕೇಳಿಸಿದ ದಿನಗಳು, ಇಷ್ಟು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ. ಹುಡುಗ ಆಗಲೇ ಕೂಗಿಕೊಳ್ಳುತ್ತಿದ್ದರೆ ಚೀಟಿ ಹುಡುಕಬೇಡಿ, ತುರ್ತು ಸಹಾಯದ 112ಕ್ಕೆ ಮಾಡಿ.
– ವಕೀಲೆ, ಮೈಸೂರು